ಚದುರಂಗ, ಬುದ್ಧಿಬಳ, ಚೆಸ್: ಒಂದು ಆಟದ ಮೂರು ಹೆಸರು

ಕೆಲವು ವರ್ಷಗಳ ಹಿಂದಿನ ಮಾತು. ತಾಲೂಕು ಮಟ್ಟದ ಆಟಗಳ ಸುತ್ತೋಲೆ ಮರಾಠಿಯಲ್ಲಿ ಬಂದಿತ್ತು. ಆರನೆಯ ಇಯತ್ತೆಯಲ್ಲಿ ನಾವು ‘ಬುದ್ಧಿಬಳ’ ಎಂದು ಓದಿ, ಯಾರು ಆಡುತ್ತೀರಿ ಎಂದು ಕೇಳಿದೆವು. ಒಬ್ಬರೂ ಕೈ ಎತ್ತಲಿಲ್ಲ. ಹೆಸರು ಕೊಡುವ ದಿನ ಮುಗಿದ ಮೇಲೆ, ಆ ವರ್ಷವೇ ಚಿಕ್ಕೋಡಿ ಕಡೆಯಿಂದ ಬಂದ ಹುಡುಗನೊಬ್ಬ ಕೇಳಿದ: “ಸರ್, ಬುದ್ಧಿಬಳ ಅಂದ್ರ ಚದುರಂಗ ಏನ್ರಿ? ನಾ ದಿನಾ ಆಡ್ತೀನ್ರಿ.”

ತಪ್ಪು ಹುಡುಗನದಲ್ಲ, ನಮ್ಮದು. ಅಂದಿನಿಂದ ಪ್ರತಿ ವರ್ಷ ಈ ಹೆಸರುಗಳ ಕಥೆಯನ್ನು ತರಗತಿಯಲ್ಲಿ ಹೇಳುತ್ತಿದ್ದೇವೆ.

ಮೊದಲು ‘ಚತುರಂಗ’. ಚತುರ್ ಎಂದರೆ ನಾಲ್ಕು, ಅಂಗ ಎಂದರೆ ಭಾಗ. ಆನೆ, ಕುದುರೆ, ರಥ, ಕಾಲಾಳು ಸೇರಿದ ಸೈನ್ಯವೇ ಚತುರಂಗ ಬಲ. ಸೈನ್ಯದ ಹೆಸರೇ ಆಟಕ್ಕೂ ಬಂತು. 7ನೇ ಶತಮಾನದ ಬಾಣಕವಿ ‘ಹರ್ಷಚರಿತ’ದಲ್ಲಿ ಸೈನ್ಯ ಮತ್ತು ಆಟ ಎಂಬ ಈ ಎರಡು ಅರ್ಥಗಳನ್ನು ಹಿಡಿದು ಶ್ಲೇಷೆ ಮಾಡಿದ್ದಾನೆ. ಕನ್ನಡದಲ್ಲಿ ‘ತ’ಕಾರ ‘ದ’ಕಾರವಾಗಿ ‘ಚದುರಂಗ’ ಎಂಬ ತದ್ಭವವಾಯಿತು, ಚತುರ ಚದುರನಾದಂತೆ.

ಈ ಆಟ ನಮ್ಮ ನೆಲಕ್ಕೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಚತುರಂಗವೂ ಇದೆ. ನಮ್ಮ ಕೊಲ್ಲಾಪುರ ಭಾಗವನ್ನಾಳಿದ ಶಿಲಾಹಾರರು ಇದೇ ಚಾಲುಕ್ಯರ ಸಾಮಂತರು. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಒಂದೇ ಕುದುರೆ 64 ಮನೆಗಳನ್ನೂ ಸುತ್ತಿ ಬರುವಂಥ ಚದುರಂಗದ ಬಂಧಗಳನ್ನು ರಚಿಸಿದರು.

ಇನ್ನು ‘ಚೆಸ್’. ನಮ್ಮ ಚತುರಂಗ ಪರ್ಷಿಯಾಕ್ಕೆ ಹೋಗಿ ‘ಚತ್ರಂಗ್’ ಆಯಿತು. ಅರಬ್ಬಿಯಲ್ಲಿ ‘ಚ’, ‘ಗ’ ಧ್ವನಿಗಳಿಲ್ಲದ್ದರಿಂದ ಅದು ‘ಶತ್ರಂಜ್’ ಆಗಿ ತಿರುಗಿ ಭಾರತಕ್ಕೆ ಬಂತು. ಆದರೆ ಚೆಸ್ ಹುಟ್ಟಿದ್ದು ಇದರಿಂದಲ್ಲ! ಆಡುವಾಗ ರಾಜನ ಮೇಲೆ ದಾಳಿ ಬಂದರೆ ಪರ್ಷಿಯನ್ನರು ‘ಶಾಹ್’ (ರಾಜ) ಎಂದು ಎಚ್ಚರಿಸುತ್ತಿದ್ದರು. ಈ ಕೂಗು ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ‘ಚೆಕ್’ ಆಯಿತು. ಅದರ ಬಹುವಚನದ ಹಳೆಯ ರೂಪವೇ ‘ಚೆಸ್’. ಅಂದರೆ ಚದುರಂಗವೆಂದರೆ ಸೈನ್ಯ, ಚೆಸ್ ಎಂದರೆ ರಾಜರು. ಮರಾಠಿ ಪತ್ರಿಕೆಗಳು ರಾಜಕೀಯದ ಸುದ್ದಿಯಲ್ಲಿ ಬಳಸುವ ‘ಶಹ-ಕಾಟಶಹ’ವೂ ಇದೇ ಶಾಹ್. ಬ್ಯಾಂಕಿನ ಚೆಕ್ಕು, ಇಚಲಕರಂಜಿಯ ಮಗ್ಗದ ಚೌಕಳಿ ಬಟ್ಟೆಗೆ ನಾವನ್ನುವ ‘ಚೆಕ್ಸ್’, ಎಲ್ಲವೂ ಇದೇ ಮನೆತನದವು.

ಕೊನೆಗೆ ‘ಬುದ್ಧಿಬಳ’. ಇದು ಮರಾಠಿ ಮಾತು. ಆದರೆ ಬಿಡಿಸಿ ನೋಡಿ: ಬುದ್ಧಿ, ಬಲ. ಎರಡೂ ಕನ್ನಡದ ಮಗುವಿಗೆ ಗೊತ್ತು. ಬಲವೆಂದರೆ ಶಕ್ತಿಯೂ ಹೌದು, ಸೈನ್ಯವೂ ಹೌದು. ಅಂದು ನಾವು ಫಲಕದ ಮೇಲೆ ಆ ಪದವನ್ನು ಹೀಗೆ ಬಿಡಿಸಿ ಬರೆದಿದ್ದರೆ ಸಾಕಿತ್ತು.

ಮರುವರ್ಷ ಆ ಹುಡುಗ ಸ್ಪರ್ಧೆಗೆ ಹೋದ. ಎರಡನೆಯ ಸುತ್ತಿನಲ್ಲಿ ಸೋತು ಬಂದ. “ಸರ್, ಅಲ್ಲಿ ಮಂತ್ರಿಗೆ ವಜೀರ್ ಅಂತಾರ್ರಿ” ಎಂದು ಹೊಸ ಶಬ್ದವೊಂದನ್ನು ನಮಗೆ ತಂದುಕೊಟ್ಟ.

ಗಡಿಯ ಶಾಲೆಯ ಮಕ್ಕಳ ಕಿವಿಗೆ ದಿನವೂ ಮೂರು ಭಾಷೆ ಬೀಳುತ್ತವೆ. ಅವು ಒಂದಕ್ಕೊಂದು ಹೇಗೆ ನೆಂಟರೆಂದು ತೋರಿಸುವುದು ನಮ್ಮ ಕೆಲಸ. ಸುತ್ತೋಲೆ ಓದುವ ಗುರುಗಳೇ, ಆಟದ ಹೆಸರನ್ನು ಮೂರೂ ಭಾಷೆಯಲ್ಲಿ ಹೇಳಿರಿ. ಯಾವ ಮೂಲೆಯಲ್ಲಿ ಯಾವ ಆಟಗಾರ ಕುಳಿತಿದ್ದಾನೋ!