ಗಿಗಾಬಿಟ್ ಬಂತು, ತಡ ಹೋಗಲಿಲ್ಲ

ದಾವಣಗೆರೆಯ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ‘ಗಿಗಾಬಿಟ್ ಸ್ವಿಚ್ ಹಾಕಿಸಿ ಸಾರ್, ಎಲ್ಲ ಫಾಸ್ಟ್ ಆಗುತ್ತೆ’ ಅನ್ನುತ್ತಾರೆ. ದೊಡ್ಡ ಫೈಲ್ ಕಾಪಿ ಮಾಡುವವರಿಗೆ ಮಾತು ಸರಿ. ಯಂತ್ರದ ಅಳತೆಯನ್ನೋ ಕ್ಯಾಮೆರಾದ ಚಿತ್ರವನ್ನೋ ಆಗಿಂದಾಗಲೇ ಪಕ್ಕದ ಕಂಪ್ಯೂಟರಿಗೆ ಮುಟ್ಟಿಸಬೇಕಾದವರಿಗೆ ಅರ್ಧ ಮಾತ್ರ ಸರಿ. ಸೆಕೆಂಡಿಗೆ ಎಷ್ಟು ಹೋಗುತ್ತದೆ ಎನ್ನುವುದು ಒಂದು ಲೆಕ್ಕ. ಹೊರಟದ್ದು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಮುಟ್ಟುತ್ತದೆಯೇ ಎನ್ನುವುದು ಇನ್ನೊಂದು. ಲ್ಯಾನ್, ಅಂದರೆ ಒಂದೇ ಜಾಗದ ಕಂಪ್ಯೂಟರುಗಳ ಜಾಲ, ಬೆಳೆದ ಬಗೆಯನ್ನು ನಾವು ಮೊದಲ ಲೆಕ್ಕದಲ್ಲಷ್ಟೇ ಹೇಳಿಕೊಂಡು ಬಂದಿದ್ದೇವೆ.

ಆರಂಭದ ಕಥೆ ಪಠ್ಯಪುಸ್ತಕಗಳಲ್ಲೆಲ್ಲ ಇದೆ. 1973ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಇಂದಿನ ಲ್ಯಾನಿಗೆ ಬುನಾದಿಯಾದ ಈಥರ್‌ನೆಟ್ಟಿನ ಯೋಚನೆಯನ್ನು ಬರೆದಿಟ್ಟರು. ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1983ರಲ್ಲಿ 10 ಮೆಗಾಬಿಟ್‌ನದು ಐಇಇಇ ಮಾನಕವಾಯಿತು. ಅಷ್ಟರಲ್ಲಿ ಜಾಲದ ಮೇಲೆ ಮಾಹಿತಿ ಸಾಗಿಸುವ ಎರಡು ಕ್ರಮಗಳು, ಕಳಿಸಿ ಸುಮ್ಮನಾಗುವ ಯುಡಿಪಿ, ರಸೀದಿ ಪಡೆದು ಸಾಲಾಗಿ ಮುಟ್ಟಿಸುವ ಟಿಸಿಪಿ, ಎರಡೂ ಬಂದಾಗಿತ್ತು.

ನಮ್ಮ ಪೀಳಿಗೆ ಲ್ಯಾನ್ ಕಂಡದ್ದು ತೆಳು ಕೊಯಾಕ್ಸ್ ಕೇಬಲಿನಲ್ಲಿ. ಯಂತ್ರದಿಂದ ಯಂತ್ರಕ್ಕೆ ಒಂದೇ ಕೇಬಲ್, ಹೆಚ್ಚೆಂದರೆ 185 ಮೀಟರ್. ಪ್ರತಿ ಕಂಪ್ಯೂಟರಿಗೂ ಒಂದು ಟಿ ಕನೆಕ್ಟರ್, ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್. ಕಸ ಗುಡಿಸುವಾಗ ಒಂದು ತುದಿಯ ಟರ್ಮಿನೇಟರ್ ಕಳಚಿತೆಂದರೆ ಸಂಕೇತ ಅಲ್ಲಿಂದ ವಾಪಸ್ ಪುಟಿದು ಇಡೀ ಲ್ಯಾಬ್ ನಿಂತುಹೋಗುತ್ತಿತ್ತು. ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಇನ್ನೊಂದಿತ್ತು: ಇಬ್ಬರು ಒಟ್ಟಿಗೆ ಕಳಿಸಿದರೆ ಡಿಕ್ಕಿ, ಆಮೇಲೆ ಇಬ್ಬರೂ ಚೀಟಿ ಎತ್ತಿದಂತೆ ಬಂದಷ್ಟು ಹೊತ್ತು ಕಾದು ಮತ್ತೆ ಕಳಿಸಬೇಕು, 16 ಸಲ ಸೋತರೆ ಆ ಪ್ಯಾಕೆಟ್ಟನ್ನು ಕೈಬಿಡಬೇಕು. ಎಷ್ಟು ತಡವಾಗಬಹುದೆಂದು ಯಾರೂ ಮಾತು ಕೊಡುವಂತಿರಲಿಲ್ಲ. ಹಬ್ ಬಂದಾಗ ತಂತಿಗಳು ಅಚ್ಚುಕಟ್ಟಾದವು, ಒಳಗಿನ ಡಿಕ್ಕಿ ಹಾಗೇ ಉಳಿಯಿತು.

ನನ್ನನ್ನು ಕೇಳಿದರೆ ದೊಡ್ಡ ತಿರುವು 1995ರ ನೂರು ಮೆಗಾಬಿಟ್ ಅಲ್ಲ, 1990ರಲ್ಲಿ ಕಲ್ಪನಾ ಎಂಬ ಕಂಪನಿ ಮಾರಾಟಕ್ಕೆ ತಂದ ಸ್ವಿಚ್ಚು. ಅದು ಪ್ರತಿ ಕಂಪ್ಯೂಟರಿಗೂ ಬೇರೆ ದಾರಿ ಕೊಟ್ಟಿತು. ಹೋಗುವುದೂ ಬರುವುದೂ ಒಟ್ಟಿಗೇ ನಡೆಯುವಂತಾದ ಮೇಲೆ ಡಿಕ್ಕಿಯ ಮಾತೇ ಮುಗಿಯಿತು. 1999ರಲ್ಲಿ ತಾಮ್ರದ ತಂತಿಯ ಮೇಲೆಯೇ ಗಿಗಾಬಿಟ್ ಬಂತು. 1500 ಬೈಟಿನ ಪ್ಯಾಕೆಟ್ 10 ಮೆಗಾಬಿಟ್ ಕೇಬಲಿಗೆ ಇಳಿಯಲು 1.2 ಮಿಲಿಸೆಕೆಂಡ್ ಬೇಕಿದ್ದರೆ ಈಗ 12 ಮೈಕ್ರೋಸೆಕೆಂಡ್ ಸಾಕು.

ಅಲ್ಲಿಂದ ಮುಂದೆ ತಡ ಇರುವುದು ಹೆಚ್ಚಾಗಿ ತಂತಿಯಲ್ಲಲ್ಲ, ಕಂಪ್ಯೂಟರಿನೊಳಗೆ. ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇತಿನ ಕಂಪನದ ಅಳತೆಯನ್ನು ಆಫೀಸಿನ ಕಂಪ್ಯೂಟರಿಗೆ ಕಳಿಸುತ್ತಿದ್ದರು. ಸ್ವಿಚ್ ಬದಲಿಸಿದರು, ಕೇಬಲ್ ಬದಲಿಸಿದರು. ಪ್ರತಿ ಅಳತೆಗೂ ಸುಮಾರು 40 ಮಿಲಿಸೆಕೆಂಡ್ ತಡ ಕದಲಲಿಲ್ಲ. ಪ್ರೋಗ್ರಾಮ್ ನೋಡಿದರೆ, ಯಂತ್ರದ ಸಂಖ್ಯೆಯನ್ನು ಒಂದು ಸಲ, ಅಳತೆಯನ್ನು ಇನ್ನೊಂದು ಸಲ ಟಿಸಿಪಿಗೆ ಬರೆಯುತ್ತಿತ್ತು. ಒಂದೊಂದು ಅಕ್ಷರಕ್ಕೂ 40 ಬೈಟಿನ ತಲೆಬರಹ ಹೊತ್ತ ಪ್ಯಾಕೆಟ್ಟುಗಳು ಜಾಲ ತುಂಬುತ್ತವೆಂದು 1984ರಲ್ಲಿ ಜಾನ್ ನೇಗಲ್ ಒಂದು ನಿಯಮ ಮಾಡಿದ್ದರು: ಹಿಂದಿನದಕ್ಕೆ ರಸೀದಿ ಬರುವವರೆಗೆ ಮುಂದಿನ ಚೂರನ್ನು ತಡೆದಿಟ್ಟುಕೊಳ್ಳುವುದು. ಆಚೆಯ ಲಿನಕ್ಸ್ ಯಂತ್ರವೋ ರಸೀದಿಯನ್ನು ಉತ್ತರದ ಜತೆಗೇ ಕಳಿಸೋಣವೆಂದು 40 ಮಿಲಿಸೆಕೆಂಡ್ ಕಾಯುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕೂತಿದ್ದರು. ನೇಗಲ್ ನಿಯಮವನ್ನು ಆಫ್ ಮಾಡುವ ಒಂದು ಸಾಲು ಸೇರಿಸಿದ್ದಕ್ಕೆ ತಡ ಹೋಯಿತು. ಎರಡನ್ನೂ ಒಟ್ಟಿಗೆ ಬರೆದಿದ್ದರೂ ಹೋಗುತ್ತಿತ್ತು.

ಇಂಥ ಕೆಲಸಕ್ಕೆ ಯುಡಿಪಿಯೇ ಲೇಸು ಎನ್ನುವವರ ಗುಂಪಿನವನು ನಾನು. ಒಂದು ಅಳತೆ ಕಳೆದರೆ ಕಳೆಯಲಿ, ಹತ್ತು ಮಿಲಿಸೆಕೆಂಡಿಗೆ ಹೊಸದು ಬರುತ್ತದೆ. ಟಿಸಿಪಿ ಮಾತ್ರ ಹಳೆಯದನ್ನು ತಂದೊಪ್ಪಿಸುವವರೆಗೆ ಹೊಸದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಪ್ರತಿ ಪ್ಯಾಕೆಟ್ಟಿಗೂ ಕ್ರಮಸಂಖ್ಯೆ ಹಾಕಿದರೆ ಕಳೆದದ್ದೆಷ್ಟೆಂದೂ ಗೊತ್ತಾಗುತ್ತದೆ. ವೆಬ್ ಪ್ರೋಗ್ರಾಮಿಂಗಿನಿಂದ ಶುರುಮಾಡಿದ ಹುಡುಗರಿಗೆ ಇದನ್ನು ಒಪ್ಪಿಸುವುದು ಕಷ್ಟ. ಕಾರ್ಖಾನೆಯ ಜಗತ್ತಂತೂ ಇನ್ನೂ ಮುಂದೆ ಹೋಗಿದೆ: ಗಡಿಯಾರಗಳನ್ನು ಜಾಲದ ಮೇಲೆಯೇ ಹೊಂದಿಸುವ ಐಇಇಇ 1588 ಮಾನಕ 2002ರದು, ಯಂತ್ರಗಳ ನಿಯಂತ್ರಣಕ್ಕೆಂದೇ ಬೆಕ್‌ಹಾಫ್ ಕಂಪನಿ ಮಾಡಿದ ಈಥರ್‌ಕ್ಯಾಟ್ 2003ರದು.

ಇವು ಇಲ್ಲಿನ ಪಾಠದ ಕೋಣೆಗೆ ಬಂದದ್ದು ಕಡಿಮೆ. ದಾವಣಗೆರೆಯಲ್ಲಿ 1951ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡುತ್ತಿತ್ತು; ಅದು ಮುಚ್ಚಿದರೂ ಲೇತಿನ ಕಸುಬು ಊರು ಬಿಟ್ಟಿಲ್ಲ. ಸಿಎನ್‌ಸಿ ಯಂತ್ರಕ್ಕೆ ಸೆಕೆಂಡಿಗೆ 960 ಅಕ್ಷರದ ಹಳೇ ಸೀರಿಯಲ್ ಕೇಬಲಿನಲ್ಲಿ ಪ್ರೋಗ್ರಾಮ್ ಕಳಿಸುವುದನ್ನು ಈಗಲೂ ನೋಡಬಹುದು. ನನ್ನ ಕೈಗೆ ಬರುವ ಪ್ರಾಜೆಕ್ಟ್ ವರದಿಗಳಲ್ಲಿ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಗ್ರಾಫ್ ತಪ್ಪದೆ ಇರುತ್ತದೆ, ಸರಾಸರಿ ತಡವೂ ಒಮ್ಮೊಮ್ಮೆ. ಲಕ್ಷ ಪ್ಯಾಕೆಟ್ಟುಗಳಲ್ಲಿ ಅತಿ ತಡವಾದದ್ದು ಯಾವುದು, ಯಾಕೆ ಎಂಬ ಪುಟ ಇರುವುದಿಲ್ಲ. ಅದನ್ನು ಅಳೆಯಲು ಎರಡು ಕಂಪ್ಯೂಟರ್, ಒಂದು ಸ್ವಿಚ್, ನೂರು ಸಾಲಿನ ಸಿ ಪ್ರೋಗ್ರಾಮ್ ಬೇಕು. ಅಳತೆಗೆ ಸಿಗುವ ಯಂತ್ರಗಳು ಹರಿಹರದಲ್ಲಿವೆ, ಬಸ್ಸಿನಲ್ಲಿ ಅರ್ಧ ಗಂಟೆ.