ಸುಂಕದ ಕಟ್ಟೆ ದಾಟಿದ ದನಿ

ಮಂಗಳೂರಿನ ವಿಮಾನ ನಿಲ್ದಾಣದ ಆಸುಪಾಸಿನಲ್ಲೇ, ಬಜಪೆಯ ಹತ್ತಿರ, ಸುಂಕದಕಟ್ಟೆ ಎಂಬ ಊರಿದೆ. ಯಕ್ಷಗಾನ ಮೇಳದಿಂದ ಹೆಸರಾದ ಊರು. 2006ರ ಅಕ್ಟೋಬರಿನಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಹಾರತೊಡಗಿತು. ಆಮೇಲೆ ಕರಾವಳಿಯವರಿಗೆ ಮುಂಬೈ ಸುತ್ತುವ ಕಷ್ಟ ತಪ್ಪಿ, ಗಲ್ಫ್ ಮೂರೂವರೆ ತಾಸಿನ ದಾರಿಯಾಯಿತು. ಆದರೆ ಅಲ್ಲಿ ಇಳಿದವನು ಮನೆಗೆ ‘ಮುಟ್ಟಿದೆ’ ಎಂದು ಒಂದು ಮಾತು ಹೇಳಬೇಕಾದರೆ ದಾಟಬೇಕಾದ ಸುಂಕದ ಕಟ್ಟೆಗಳು ಬೇರೆಯೇ ಇದ್ದವು, ಇವತ್ತಿಗೂ ಇವೆ. ಗಲ್ಫಿನವರ ಫೋನಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಹೇಳಿಕೊಳ್ಳುತ್ತೇವೆ: ಕಾಗದದ ಕಾಲ, ಟ್ರಂಕ್ ಕಾಲಿನ ಕಾಲ, ಎಸ್‌ಟಿಡಿ ಬೂತಿನ ಕಾಲ, ಈಗ ವಾಟ್ಸಾಪಿನ ಕಾಲ. ಕೇಳಲು ಚೆನ್ನಾಗಿದೆ, ಅರ್ಧ ಮಾತ್ರ ನಿಜ. ಕಡಲಡಿಯ ತಂತಿ ಎಷ್ಟೋ ಸಲ ಮೊದಲೇ ಬಂದು ಕೂತಿರುತ್ತಿತ್ತು. ಅದರ ಬಾಯಲ್ಲಿ ಕೂತು ಯಾರು ಕಾಸು ಎಣಿಸುತ್ತಿದ್ದರು, ಯಾವ ಕಾಗದ ಕೇಳುತ್ತಿದ್ದರು ಎಂಬುದರ ಮೇಲೆ ದೂರ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು.

ತಂತಿ ಎಷ್ಟು ಹಳೆಯದೆಂದರೆ, 1864ರಲ್ಲೇ ಭಾರತದ ಬ್ರಿಟಿಷ್ ಸರ್ಕಾರ ಗ್ವಾದರಿನಿಂದ ಇರಾಕಿನ ಫಾವ್‌ವರೆಗೆ ಗಲ್ಫಿನ ನೀರಿನಡಿ ಟೆಲಿಗ್ರಾಫ್ ಕೇಬಲ್ ಇಳಿಸಿತ್ತು. ಒಮಾನಿನ ಮುಸಂದಮ್ ಬಳಿ, ಸುತ್ತ ಬೋಳುಗುಡ್ಡಗಳಿರುವ ಹಿನ್ನೀರಿನ ಒಂದು ಪುಟ್ಟ ದ್ವೀಪದಲ್ಲಿ ಅದರ ಠಾಣೆಯಿತ್ತು. ಕೆಲವೇ ವರ್ಷಕ್ಕೆ ಠಾಣೆ ಎದ್ದುಹೋಯಿತು, ದ್ವೀಪಕ್ಕೆ ಟೆಲಿಗ್ರಾಫ್ ದ್ವೀಪ ಎಂಬ ಹೆಸರು ಮಾತ್ರ ಅಂಟಿಕೊಂಡಿತು. ದುಬೈಗೆ ಮೊದಲ ಅಂಚೆ ಕಚೇರಿ ಬಂದದ್ದು 1909ರಲ್ಲಿ, ಅದೂ ಭಾರತೀಯ ಅಂಚೆಯ ಶಾಖೆಯಾಗಿ. ಭಾರತದ ಅಂಚೆಚೀಟಿ ಅಲ್ಲಿ ಸ್ವಾತಂತ್ರ್ಯದ ತನಕ ಚಾಲ್ತಿಯಲ್ಲಿತ್ತು, ರೂಪಾಯಿ 1966ರ ತನಕ. ಅಂದರೆ, ಇವತ್ತು ಪರದೇಶ ಎನ್ನುವ ಊರು ಅಂಚೆಯ ಲೆಕ್ಕದಲ್ಲಿ ಒಂದು ಕಾಲಕ್ಕೆ ನಮ್ಮದೇ ಹೋಬಳಿಯಂತಿತ್ತು. ಗಡಿ, ನಾಣ್ಯ, ಇಲಾಖೆ ಬೇರೆಯಾದ ಮೇಲೆ ಅದು ದೂರವಾಯಿತು. ಸಮುದ್ರವೇನೂ ಅಗಲವಾಗಿರಲಿಲ್ಲ.

ಎಣ್ಣೆಯ ದುಡ್ಡು ಹರಿದ ಎಪ್ಪತ್ತರ ದಶಕದಲ್ಲಿ ಭಟ್ಕಳ, ಉಡುಪಿ, ಮಂಗಳೂರು ಕಡೆಯ ಯುವಕರು ಗುಂಪುಗುಂಪಾಗಿ ಹೊರಟಾಗ ಈ ದೂರ ಪೂರ್ತಿ ಬೆಳೆದು ನಿಂತಿತ್ತು. ಎಮಿರೇಟ್ಸಿನಲ್ಲಿ ಎತಿಸಲಾತ್ ಕಂಪನಿ ಹುಟ್ಟಿದ್ದು 1976ರಲ್ಲಿ. ಮುಂದಿನ 30 ವರ್ಷ ಅಲ್ಲಿ ಫೋನ್ ಎಂದರೆ ಅದೊಂದೇ. ಈ ಕಡೆ ಊರಿನಲ್ಲಿ ಫೋನ್ ಇದ್ದದ್ದು ಅಂಗಡಿಯವರ, ಡಾಕ್ಟರರ ಮನೆಯಲ್ಲಿ. ವಿಸಿಟಿಂಗ್ ಕಾರ್ಡಿನಲ್ಲೂ ಮದುವೆ ಕಾಗದದಲ್ಲೂ ನಂಬರಿನ ಮುಂದೆ ‘ಪಿಪಿ’ ಎಂದು ಬರೆಯುತ್ತಿದ್ದದ್ದು ಆಗಲೇ: ನಂಬರು ನೆರೆಮನೆಯದು, ಕರೆದುಕೊಡುತ್ತಾರೆ ಎಂದು ಅದರ ಅರ್ಥ. ಟ್ರಂಕ್ ಕಾಲ್ ಬುಕ್ ಮಾಡುವಾಗ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ. ಲೈಟ್ನಿಂಗ್ ಬಂದರೆ ಸಾವಿನ ಸುದ್ದಿಯೇ ಎಂದು ಮನೆಯವರು ಎದೆ ಹಿಡಿದುಕೊಳ್ಳುತ್ತಿದ್ದರು. ಹೀಗಿರುವಾಗ ಮಾತು ಬೇರೆ ದಾರಿ ಹುಡುಕಿತು. ಕ್ಯಾಸೆಟ್ಟಿನ ಒಂದು ಮಗ್ಗುಲಲ್ಲಿ ಗಂಡ ಮಾತಾಡಿ, ರಜೆಗೆ ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುವುದು. ಇನ್ನೊಂದು ಮಗ್ಗುಲಲ್ಲಿ ಹೆಂಡತಿ, ಮಕ್ಕಳು, ಮುದುಕಿ ಅಜ್ಜಿ ಎಲ್ಲರೂ ಸರದಿಯಂತೆ ಮಾತಾಡಿ ಮರಳಿಸುವುದು. ಬರೆಯಲು ಬಾರದವರಿಗೆ ಇದು ದೊಡ್ಡ ವರ. ಕಾಗದ ಓದಿಸಲು ಮೂರನೆಯವರ ಮುಂದೆ ಕೂರಬೇಕಿರಲಿಲ್ಲ. ಪಕ್ಕದ ಕೇರಳದಲ್ಲಿ ಎಸ್. ಎ. ಜಮೀಲರ ದುಬೈ ಕಾಗದದ ಹಾಡು ಆ ಕಾಲದಲ್ಲಿ ಮನೆಮನೆಯ ಹಾಡಾದದ್ದು ಸುಮ್ಮನೆ ಅಲ್ಲ. ಈ ಕ್ಯಾಸೆಟ್ಟನ್ನು ಬಡವರ ಜಾಣ್ಮೆ ಎಂದು ಹೊಗಳಿ ಮುಂದೆ ಸಾಗುವುದು ಸುಲಭ. ನನ್ನ ಕಣ್ಣಿಗೆ ಅದು ಸುಂಕದ ಕಟ್ಟೆಗೆ ಬಳಸುದಾರಿ.

ಯಾರು ಹಾಕಿದ ಸುಂಕ? ಇದನ್ನು ತಿಳಿಯಲು ಅಂತರರಾಷ್ಟ್ರೀಯ ಕರೆಯ ಲೆಕ್ಕಪುಸ್ತಕ ಬಿಡಿಸಬೇಕು. ಒಂದು ದೇಶದಿಂದ ಇನ್ನೊಂದಕ್ಕೆ ಕರೆ ಹೋದರೆ, ಕರೆ ಹುಟ್ಟಿದ ದೇಶದ ಕಂಪನಿ ಮೊದಲೇ ಒಪ್ಪಿಕೊಂಡ ದರದ ಅರ್ಧವನ್ನು ಕರೆ ಮುಟ್ಟಿದ ದೇಶದ ಕಂಪನಿಗೆ ಕೊಡಬೇಕಿತ್ತು. ಭಾರತದಿಂದ ಹೊರಗೆ ಹೋಗುವ ಕರೆಗಿಂತ ಒಳಗೆ ಬರುವ ಕರೆಯೇ ಹೆಚ್ಚು, ಏಕೆಂದರೆ ದುಡಿಯುವವನು ಅಲ್ಲಿದ್ದ, ಕಾಯುವವರು ಇಲ್ಲಿದ್ದರು. ಹಾಗಾಗಿ ಪ್ರತಿ ನಿಮಿಷವೂ ಡಾಲರು ತರುತ್ತಿತ್ತು. 1986ರಲ್ಲಿ ಹುಟ್ಟಿದ ವಿದೇಶ ಸಂಚಾರ ನಿಗಮಕ್ಕೆ (ವಿಎಸ್‌ಎನ್‌ಎಲ್) ಈ ಬಾಗಿಲಿನ ಏಕಸ್ವಾಮ್ಯ 2002ರ ಮಾರ್ಚ್ ಕೊನೆಯವರೆಗೂ ಇತ್ತು. ಆ ದಡದಲ್ಲಿ ಒಂದೇ ಕಂಪನಿ, ಈ ದಡದಲ್ಲಿ ಒಂದೇ ಕಂಪನಿ. ದರ ಏರಿದ್ದರೆ ಇಬ್ಬರಿಗೂ ಲಾಭ. ಶುಕ್ರವಾರ ಬೆಳಿಗ್ಗೆ ದುಬೈಯ ದೇರಾದ ಸಾರ್ವಜನಿಕ ಫೋನುಗಳ ಮುಂದೆ ಸಾಲು ನಿಂತವರ ಪರವಾಗಿ ದರ ಇಳಿಸಿ ಎಂದು ವಾದಿಸುವವರು ಆ ಮೇಜಿನ ಯಾವ ಬದಿಯಲ್ಲೂ ಕೂತಿರಲಿಲ್ಲ.

ಆಗ ಲೈನುಗಳೇ ಕಡಿಮೆ ಇದ್ದವು, ಅಪರೂಪದ ವಸ್ತುವಿಗೆ ಬೆಲೆ ಹೆಚ್ಚು ಎಂದು ಯಾರಾದರೂ ಹೇಳಬಹುದು. ಎಂಬತ್ತರ ದಶಕದವರೆಗೆ ಈ ಮಾತಿನಲ್ಲಿ ಹುರುಳಿದೆ. ಪುಣೆ ಬಳಿಯ ಆರ್ವಿಯ ಉಪಗ್ರಹ ಕೇಂದ್ರ 1971ರಲ್ಲಿ ಬಂದಾಗ ಅದರ ಲೈನುಗಳು ಎಣಿಕೆಯವು. ಆದರೆ 1997ರಲ್ಲಿ ಫ್ಲ್ಯಾಗ್ ಎಂಬ ಗಾಜಿನೆಳೆಯ ಕೇಬಲ್ ಎಮಿರೇಟ್ಸಿನ ಫುಜೈರಾ, ಮುಂಬೈ ಎರಡನ್ನೂ ಮುಟ್ಟಿತು. ಅಭಾವದ ವಾದ ಅಲ್ಲಿಗೆ ಸಡಿಲವಾಯಿತು. ಆದರೂ ಭಾರತದಲ್ಲಿ ಇಂಟರ್ನೆಟ್ ಮೂಲಕ ಮಾತಾಡಲು ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2002ರ ಏಪ್ರಿಲ್ 1ಕ್ಕೆ, ಏಕಸ್ವಾಮ್ಯ ಮುಗಿದ ಹೊತ್ತಿಗೇ. ಅಲ್ಲಿಯವರೆಗೆ ಸೈಬರ್ ಕೆಫೆಯ ಹೆಡ್‌ಫೋನಿನಲ್ಲಿ ಮಾತಾಡುವುದು ಅಪರಾಧ. ಐದು ವರ್ಷ ಕಾದದ್ದು ತಂತಿಗಾಗಿ ಅಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆ ದುಡ್ಡು ಯಾರ ಜೇಬಿಗೂ ಹೋಗಲಿಲ್ಲ, ಹಳ್ಳಿಗಳಿಗೆ ಫೋನ್ ಎಳೆಯಲು ಹೋಯಿತು ಎನ್ನುತ್ತಾರೆ. 2003ರಲ್ಲಿ ಭಾರತ ಇದನ್ನು ಬಾಯಿಬಿಟ್ಟೇ ಹೇಳಿತು. ನಷ್ಟದ ಗ್ರಾಮೀಣ ಲೈನುಗಳಿಗಾಗಿ ಕರೆಗಳ ಮೇಲೆ ಆಕ್ಸೆಸ್ ಡೆಫಿಸಿಟ್ ಚಾರ್ಜ್ ಎಂಬ ಸುಂಕ ಬಂತು. 2005ರಲ್ಲಿ ಹೊರದೇಶದಿಂದ ಬರುವ ಕರೆಯ ಮೇಲೆ ಅದು ನಿಮಿಷಕ್ಕೆ 3.25 ರೂಪಾಯಿ. 2008ರಲ್ಲಿ ತೆಗೆದರು. ಉದ್ದೇಶ ಒಳ್ಳೆಯದೇ. ಆದರೆ ಕರೆ ಮಾಡುತ್ತಿದ್ದವನು ಅದೇ ಹಳ್ಳಿಯವನು. ತನ್ನ ತಾಯಿಯ ಮನೆಗೆ ತಂತಿ ಎಳೆಯುವ ಖರ್ಚನ್ನು ತಾಯಿಯೊಡನೆ ಮಾತಾಡಿದ ತಪ್ಪಿಗೆ ಅವನೇ ಕೊಡುತ್ತಿದ್ದ. ಪೇಟೆಯ ಬಂಗಲೆಯಲ್ಲಿ ಕೂತು ಪರದೇಶಕ್ಕೆ ಮಿಂಚಂಚೆ ಕಳಿಸುವವನಿಗೆ ಈ ಭಾರವಿರಲಿಲ್ಲ. ಅದಲ್ಲದೆ ಸುಂಕ ಏರಿದಲ್ಲಿ ಕಳ್ಳದಾರಿ ಹುಟ್ಟದೆ ಇರುತ್ತದೆಯೇ? ಆ ದಿನಗಳಲ್ಲಿ ದುಬೈಯಿಂದ ಬಂದ ಕರೆ ಮೊಬೈಲಿನ ಪರದೆಯಲ್ಲಿ ಯಾವುದೋ ಲೋಕಲ್ ನಂಬರು ತೋರಿಸುತ್ತಿತ್ತು. ಹೊರಗಿನ ಕರೆಯನ್ನು ನಮ್ಮೂರಿನ ಕರೆಯೆಂದು ವೇಷ ಹಾಕಿಸಿ ಒಳಗೆ ಬಿಡುವ ಪೆಟ್ಟಿಗೆಗಳ ದಂಧೆ ಅದು. ಈ ಸುಂಕದ ಬಾಲ ಆಮೇಲೂ ಪೂರ್ತಿ ಹೋಗಲಿಲ್ಲ: ಒಳಬರುವ ಅಂತರರಾಷ್ಟ್ರೀಯ ಕರೆಗೆ ಇಲ್ಲಿನ ಕಂಪನಿಗೆ ಸಲ್ಲಬೇಕಾದ ದರವನ್ನು 2018ರಲ್ಲಿ 53 ಪೈಸೆಯಿಂದ 30 ಪೈಸೆಗೆ ಇಳಿಸಲಾಯಿತು.

ಆ ದಡದ ಕಟ್ಟೆಯಲ್ಲಿ ಕಾಸಿನ ಜೊತೆ ಕಾಗದವನ್ನೂ ಕೇಳುತ್ತಾರೆ. ಹೊಸದಾಗಿ ಬಂದವನ ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ ಎಲ್ಲವೂ ಸರ್ಕಾರಿ ಕಾಗದಪತ್ರ ನೋಡಿಕೊಳ್ಳಲು ಕಂಪನಿ ಇಟ್ಟುಕೊಂಡ ಪಿಆರ್‌ಒ ಓಡಾಟದ ಮೇಲೆ ನಿಂತಿರುತ್ತದೆ. ಐಡಿ ಕೈಸೇರುವವರೆಗೆ ಪಾಸ್‌ಪೋರ್ಟ್ ತೋರಿಸಿ ಪಡೆದ ಪ್ರವಾಸಿ ಸಿಮ್ಮೇ ಗತಿ. 2007ರಲ್ಲಿ ಡು ಎಂಬ ಎರಡನೆಯ ಕಂಪನಿ ಬಂದು ಸಿಮ್ ಅಗ್ಗವಾಗಿ ಕೈಯಿಂದ ಕೈಗೆ ಹೋಗತೊಡಗಿದಾಗ, 2012ರಲ್ಲಿ ಅಲ್ಲಿನ ನಿಯಂತ್ರಣ ಪ್ರಾಧಿಕಾರ ‘ನನ್ನ ನಂಬರು, ನನ್ನ ಗುರುತು’ ಎಂಬ ಆಂದೋಲನ ಹೂಡಿ ಎಲ್ಲ ಸಿಮ್ಮನ್ನೂ ಮತ್ತೆ ನೋಂದಾಯಿಸಿತು. ಮನೆಯ ಇಂಟರ್ನೆಟ್ಟಿಗೆ ಬಾಡಿಗೆ ಕರಾರು ಬೇಕು, ಬೆಡ್‌ಸ್ಪೇಸಿನಲ್ಲಿ, ಅಂದರೆ ಕೋಣೆಯೊಂದರಲ್ಲಿ ಬಾಡಿಗೆಗೆ ಪಡೆದ ಒಂದು ಮಂಚದಲ್ಲಿ, ಮಲಗುವವನ ಹೆಸರಿನಲ್ಲಿ ಅದಿರುವುದಿಲ್ಲ. ಎರಡು ಮಜಲಿನ ಮಂಚಗಳ ಕೋಣೆಯಲ್ಲಿ ಕರಾರಿರುವ ಒಬ್ಬನ ಹೆಸರಿಗೆ ವೈಫೈ, ಪಾಸ್‌ವರ್ಡ್ ಎಲ್ಲರಿಗೆ, ತಿಂಗಳ ಕೊನೆಗೆ ತಲಾ ಇಷ್ಟು ದಿರ್ಹಮ್. ಬಿಲ್ಲು ಕಟ್ಟದೆ ಊರಿಗೆ ಹೋದವನ ಪಾಲು ಯಾರದೆಂಬ ಜಗಳ ಆ ಕೋಣೆಗಳ ನಿತ್ಯ ಪುರಾಣ.

ಗುರುತು ಕೇಳುವುದನ್ನು ನಾನು ಆಕ್ಷೇಪಿಸುವುದಿಲ್ಲ. ವಂಚನೆಗೆ ಸುಳ್ಳು ಹೆಸರಿನ ಸಿಮ್ ಬಳಸುವ ಕಾಲದಲ್ಲಿ ಯಾವ ಸರ್ಕಾರವಾದರೂ ಕೇಳುತ್ತದೆ, ನಮ್ಮದೂ ಕೇಳುತ್ತದೆ. ಆದರೆ ಗುರುತು ಕೊಟ್ಟು, ಬಿಲ್ಲು ಕಟ್ಟಿದ ಮೇಲೂ ವಾಟ್ಸಾಪ್ ಕರೆ ತಡೆದರೆ ಅಲ್ಲಿ ಭದ್ರತೆಯ ಮಾತು ಮುಗಿದು ವ್ಯಾಪಾರದ ಮಾತು ಶುರುವಾಗುತ್ತದೆ. ಲೈಸೆನ್ಸ್ ಇದ್ದವರಷ್ಟೇ ಇಂಟರ್ನೆಟ್ ಕರೆ ಕೊಡಬೇಕು ಎಂಬುದು ಅಲ್ಲಿನ ನಿಯಮ. 2018ರ ಜನವರಿಯಲ್ಲಿ ಬೋಟಿಮ್‌ನಂತಹ ಒಪ್ಪಿಗೆ ಪಡೆದ ಆಪ್‌ಗಳಿಗೆ ಬಂದ ಪ್ಲಾನಿನ ದರ ಮೊಬೈಲಿಗೆ ತಿಂಗಳಿಗೆ 50 ದಿರ್ಹಮ್, ಮನೆಗೆ 100. ಡೇಟಾ ಬಿಲ್ಲಿನ ಮೇಲೆ ಇನ್ನೊಂದು ಬಿಲ್ಲು. ಪಕ್ಕದ ಸೌದಿ 2017ರ ಸೆಪ್ಟೆಂಬರಿನಲ್ಲೇ ಇಂಟರ್ನೆಟ್ ಕರೆಯ ನಿಷೇಧ ಸಡಿಲಿಸಿತ್ತು. ಕೋವಿಡ್ ಬಂದು ಕಚೇರಿ, ಶಾಲೆ ಮನೆಗೆ ಬಂದಾಗ ಎಮಿರೇಟ್ಸ್ ಕೂಡ ಕೆಲವು ಮೀಟಿಂಗ್ ಆಪ್‌ಗಳಿಗೆ ಬಾಗಿಲು ತೆರೆಯಿತು. ಬಾಗಿಲು ತೆರೆಯುವ ಮೊದಲು ಇದ್ದ ತಂತಿಯೇ ಆಮೇಲೂ ಇತ್ತು. ತಂತಿಯೇ ತುಂಡಾದ ಸಲದ ಕತೆ ಬೇರೆ: 2008ರ ಜನವರಿ ಕೊನೆ, ಫೆಬ್ರವರಿ ಮೊದಲಲ್ಲಿ ಅಲೆಕ್ಸಾಂಡ್ರಿಯಾದ ಹತ್ತಿರವೂ ದುಬೈ ಕರಾವಳಿಯಾಚೆಯೂ ಕೇಬಲ್‌ಗಳು ಕಡಿದು, ಇಂಡಿಯಾ, ಗಲ್ಫ್ ಎರಡೂ ಕಡೆ ಇಂಟರ್ನೆಟ್ ಕುಂಟಿತು. ದುಬೈ ಬಳಿಯದನ್ನು ಕಡಿದದ್ದು ಯಾವುದೋ ಹಡಗು ಬಿಟ್ಟುಹೋದ ಲಂಗರು. ಎರಡು ವಾರದೊಳಗೆ ಹಡಗುಗಳು ಹೋಗಿ ಬೆಸೆದು ಬಂದವು. ತುಂಡಾದ ತಂತಿಗೆ ಎರಡು ವಾರ, ಮುಚ್ಚಿದ ಬಾಗಿಲಿಗೆ ದಶಕ.

ಈ ನಿಯಮದೊಳಗೆ ಒಂದು ತಮಾಷೆ ಉಳಿದುಕೊಂಡಿತು. ವಾಟ್ಸಾಪಿನಲ್ಲಿ ಕರೆ ಹೋಗದಿದ್ದರೂ ಮಾತನ್ನು ರೆಕಾರ್ಡ್ ಮಾಡಿ ಕಳಿಸಿದರೆ ಹೋಗುತ್ತದೆ. ಹಾಗಾಗಿ ರಾತ್ರಿ ಪಾಳಿ ಮುಗಿಸಿದವನು ಮೇಲಿನ ಮಂಚಕ್ಕೆ ಹತ್ತಿ, ಉಳಿದವರ ನಿದ್ದೆ ಕೆಡದಂತೆ ಹೊದಿಕೆ ಎಳೆದುಕೊಂಡು, ಮೈಕಿನ ಗುಂಡಿ ಒತ್ತಿ ಹಿಡಿದು ಮನೆಯ ಸುದ್ದಿಯನ್ನೆಲ್ಲ ಕೇಳುತ್ತಾನೆ. ಊರಿನಲ್ಲಿ ಒಲೆ ಮುಂದೆ ಕೂತವಳು ಅದನ್ನು ಕೇಳಿ, ಮಗುವಿನ ಬಾಯಿಗೂ ಫೋನ್ ಹಿಡಿದು, ಉತ್ತರ ಕಳಿಸುತ್ತಾಳೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು, ಥೇಟ್ ಕ್ಯಾಸೆಟ್ಟಿನ ಎರಡು ಮಗ್ಗುಲಿನಂತೆ. ಮಗ್ಗುಲು ಬದಲಿಸಲು ಈಗ ಊರಿಗೆ ಹೊರಟವರನ್ನು ಹುಡುಕಬೇಕಿಲ್ಲ, ಅಷ್ಟೇ.