ಕೋವಿಯ ಬಾಯಿಯ ತಿರುಪು

ಚರಿತ್ರೆಯ ಪುಸ್ತಕಗಳಲ್ಲಿ ಕಾಳಗಗಳಿಗೆ ಸ್ಥಳವುಂಟು. ಕೋವಿಯನ್ನು ಮಾಡಿದವರಿಗೂ ಅದನ್ನು ತಿದ್ದಿ ತೀಡಿದವರಿಗೂ ಸ್ಥಳವುಂಟು. ಸಂಜೆ ಮನೆಗೆ ಬಂದು ಆ ಕೋವಿಯ ನಳಿಗೆಯನ್ನು ಒರಸಿ, ಎಣ್ಣೆ ಸವರಿ, ಜೋಪಾನವಾಗಿ ಎತ್ತಿಟ್ಟವನ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ. ಗುಡಿ ಕಟ್ಟಿಸಿದವನಿಗೆ ಶಾಸನ, ದಿನವೂ ಅಂಗಳ ಗುಡಿಸಿದವಳಿಗೆ ಪೊರಕೆ ಎಂಬ ಲೋಕರೂಢಿ ಇಲ್ಲಿಯೂ ನಡೆದಿದೆ. ಆದರೆ ಕೋವಿಯ ಒಂದು ಪುಟ್ಟ ಅಂಗದ ಇತಿಹಾಸವನ್ನು ನೋಡಿದರೆ, ಮಾಡಿದವನ ಜಾಣ್ಮೆಯಷ್ಟೇ ಒರಸಿದವನ ಶ್ರದ್ಧೆಯೂ ಅದನ್ನು ಉಳಿಸಿತೆಂದು ತಿಳಿಯುತ್ತದೆ. ಆ ಅಂಗದ ಹೆಸರು ಚೋಕ್.

ಹೂಗಿಡಗಳಿಗೆ ರಬ್ಬರು ಕೊಳವೆಯಿಂದ ನೀರು ಹಾಯಿಸುವವರು ಅದರ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ನೀರಿನ ಹರವನ್ನು ಬದಲಾಯಿಸುವುದುಂಟು. ಚೋಕ್ ಮಾಡುವ ಕೆಲಸವೂ ಇಂಥದೇ. ಚರೆಕೋವಿಯಿಂದ ಸಾಮಾನ್ಯವಾಗಿ ಹೊರಡುವುದು ಒಂದೇ ಗುಂಡಲ್ಲ, ನೂರಾರು ಸಣ್ಣ ಚರೆಗಳು. ನಳಿಗೆಯ ಬಾಯಿ ತುಸು ಕಿರಿದಾದರೆ ಅವು ಬೇಗ ಚದರದೆ ಒತ್ತಾಗಿ ಸಾಗುತ್ತವೆ. ಹನ್ನೆರಡನೆಯ ಬೋರಿನ ನಳಿಗೆಯ ಒಳವ್ಯಾಸ ಸುಮಾರು ೧೮.೫ ಮಿಲಿಮೀಟರು. ಅದರ ಬಾಯಿಯನ್ನು ಸುಮಾರು ಒಂದು ಮಿಲಿಮೀಟರು ಬಿಗಿ ಮಾಡಿದರೆ ಅದೇ ‘ಫುಲ್ ಚೋಕ್’. ೪೦ ಗಜ ದೂರದಲ್ಲಿ ೩೦ ಅಂಗುಲ ವ್ಯಾಸದ ಒಂದು ವೃತ್ತವನ್ನು ಬರೆದರೆ, ಬಿಗಿಯಿಲ್ಲದ ನಳಿಗೆ ನೂರಕ್ಕೆ ಸುಮಾರು ೪೦ ಚರೆಗಳನ್ನು ಅದರೊಳಗೆ ಹಾಕುತ್ತದೆ. ಫುಲ್ ಚೋಕ್ ೭೦ರಷ್ಟನ್ನು ಹಾಕುತ್ತದೆ. ಒಂದು ಮಿಲಿಮೀಟರಿನ ಮಹಿಮೆ ಇಷ್ಟು!

ಈ ಉಪಾಯವನ್ನು ಮೊದಲು ಕಂಡವರು ಯಾರೆಂಬ ವಿಷಯದಲ್ಲಿ ವಾದ ಬಹಳ. ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಪೇಪ್ ೧೮೬೬ರಲ್ಲೇ ಪೇಟೆಂಟು ಪಡೆದ. ಅಮೆರಿಕದ ಇಲಿನಾಯ್ ಸೀಮೆಯ ಬಾತುಬೇಟೆಗಾರ ಫ್ರೆಡ್ ಕಿಂಬಲ್ ತಾನೇ ಮೊದಲಿಗನೆಂದ. ಬರ್ಮಿಂಗ್‌ಹ್ಯಾಮಿನ ಗ್ರೀನರ್ ೧೮೭೪ರಲ್ಲಿ ತನ್ನ ಚೋಕ್ ಕೋವಿಗಳನ್ನು ಲೋಕಕ್ಕೆ ಸಾರಿ, ೧೮೭೫ರ ಲಂಡನ್ ಪರೀಕ್ಷೆಯಲ್ಲಿ ಗೆದ್ದು, ಸಂಶಯಪಟ್ಟವರ ಬಾಯಿ ಮುಚ್ಚಿಸಿದ. ಇವರ ಚೋಕ್‌ಗಳೆಲ್ಲ ನಳಿಗೆಯಲ್ಲಿಯೇ ಕೊರೆದವು. ಒಮ್ಮೆ ಕೊರೆದರೆ ಮುಗಿಯಿತು. ಅದರ ಗುಣದೋಷಗಳೆಲ್ಲ ಕಮ್ಮಾರನ ಕೈಯವು.

ಬೇರೆ ದಾರಿಯನ್ನು ಹಿಡಿದವನು ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯ ಸಿಲ್ವೆಸ್ಟರ್ ರೋಪರ್. ಉಗಿಯಿಂದ ಓಡುವ ಎರಡು ಗಾಲಿಯ ಬಂಡಿಯನ್ನು ಕಟ್ಟಿ, ೧೮೯೬ರಲ್ಲಿ ಅದನ್ನು ಓಡಿಸುತ್ತಿರುವಾಗಲೇ ಪ್ರಾಣ ಬಿಟ್ಟ ಯಂತ್ರಪ್ರೇಮಿ ಈತ. ೧೮೬೮ರಲ್ಲಿ ಈತ ಪಡೆದ ಪೇಟೆಂಟಿನಂತೆ, ಚೋಕ್ ಒಂದು ಬೇರೆಯ ಬಳೆ. ನಳಿಗೆಯ ತುದಿಗೆ ತಿರುಪಿ ಹಾಕಬಹುದು, ಬೇಡವಾದರೆ ತಿರುಪಿ ತೆಗೆಯಬಹುದು. ನಳಿಗೆಯ ಹೊರಮೈಯಲ್ಲಿ ತಿರುಪಿನ ಸುತ್ತುಗಳನ್ನು ಕೊರೆದಿದ್ದ. ಕಾಲಕ್ಕೆ ಮುಂಚೆ ಹುಟ್ಟಿದ ಈ ಯೋಚನೆ ಬೇಗ ಹರಡಲಿಲ್ಲ. ೧೯೨೦ರ ದಶಕದಲ್ಲಿ ಕಟ್ಸ್ ಎಂಬವರ ತುದಿಗೂಡು ಬಂದು, ೧೯೬೦ರ ದಶಕದಲ್ಲಿ ವಿಂಚೆಸ್ಟರ್ ಕಂಪನಿಯು ನಳಿಗೆಯ ಒಳಮೈಯಲ್ಲೇ ಕೂರುವ ತೆಳುವಾದ ಕೊಳವೆಗಳನ್ನು ತಂದ ಮೇಲೆ, ಒಂದೇ ಕೋವಿಗೆ ಹಲವು ಬಾಯಿಗಳನ್ನು ಹಾಕುವುದು ವಾಡಿಕೆಯಾಯಿತು.

ಈ ಬದಲಾವಣೆಯ ಅರ್ಥವೇನು? ಕೊರೆದ ಚೋಕ್ ಕಮ್ಮಾರನ ಹೊಣೆಯಾಗಿತ್ತು. ತಿರುಪಿನ ಚೋಕ್ ಕೋವಿಯ ಒಡೆಯನ ಹೊಣೆಯಾಯಿತು. ಸ್ವಾತಂತ್ರ್ಯ ಬಂದಲ್ಲೆಲ್ಲ ಅದರ ಹಿಂದೆ ಹೊಣೆಯೂ ಬರುವುದಷ್ಟೆ. ತಿರುಪಿಗೆ ಒಂದು ಅಳತೆಯಿರಬೇಕೆಂದು ಇಂಗ್ಲೆಂಡಿನ ವಿಟ್ವರ್ಥ್ ೧೮೪೧ರಲ್ಲಿಯೂ ಅಮೆರಿಕದ ಸೆಲ್ಲರ್ಸ್ ೧೮೬೪ರಲ್ಲಿಯೂ ವಿಧಿಸಿದ್ದರು. ಆದರೂ ಚೋಕ್ ಮಾಡುವ ಕಂಪನಿಗಳು ಇಂದಿಗೂ ತಮ್ಮ ತಮ್ಮ ಸುತ್ತುಗಳನ್ನೇ ಇಟ್ಟುಕೊಂಡಿವೆ. ಒಂದರದನ್ನು ಇನ್ನೊಂದರಲ್ಲಿ ಬಲವಂತವಾಗಿ ತಿರುಪಿದರೆ ಎರಡೂ ಕೆಡುತ್ತವೆ.

ಕಾಲಕಾಲಕ್ಕೆ ಕೊಳೆಯ ಜಾತಿಯೂ ಬದಲಾಯಿತು. ರೋಪರನ ದಿನಗಳ ಕರಿಮದ್ದು ಸುಟ್ಟಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯೂ ಮಸಿಯೂ ಆಗಿ ಉಳಿಯುತ್ತಿತ್ತು; ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತಿತ್ತು. ಅದಕ್ಕೆ ಮದ್ದು ಬಿಸಿನೀರು. ಹೊಗೆಯಿಲ್ಲದ ಮದ್ದು ಬಂದ ಮೇಲೂ ಹಳೆಯ ಕೇಪುಗಳ ಕ್ಲೋರೇಟು ಉಪ್ಪಾಗಿ ನಿಂತು ತುಕ್ಕು ಹಿಡಿಸುತ್ತಿತ್ತು. ೧೯೬೦ರ ದಶಕದಿಂದ ತೋಟೆಯೊಳಗೆ ಪ್ಲಾಸ್ಟಿಕ್ಕಿನ ಬಟ್ಟಲು ಬಂದಿತು. ಅದರ ಸವಕಳಿ ಚೋಕಿನ ಒಳಗೋಡೆಗೆ ಅಂಟಿಕೊಳ್ಳತೊಡಗಿತು. ಮಸಿ, ಸೀಸ, ಪ್ಲಾಸ್ಟಿಕ್ಕು ಮೂರೂ ಸೇರಿ ತಿರುಪಿನ ಸುತ್ತುಗಳ ನಡುವೆ ಕುಳಿತರೆ ಚೋಕ್ ನಳಿಗೆಗೆ ಬೆಸೆದಂತೆ ಹಿಡಿದುಕೊಳ್ಳುತ್ತದೆ.

ಪರಿಹಾರ ಕಷ್ಟದ್ದಲ್ಲ. ಕೋವಿ ಬರಿದಾಗಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಮೊದಲು ನೋಡಿಕೊಳ್ಳಬೇಕು. ಅದಕ್ಕೆಂದೇ ಇರುವ ಕೀಲಿಯಿಂದ ಚೋಕನ್ನು ತಿರುಪಿ ತೆಗೆದು, ಕೊಳೆ ಕರಗಿಸುವ ದ್ರವದಲ್ಲಿ ತುಸು ಹೊತ್ತು ನೆನೆಸಿ, ಸುತ್ತುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ನಳಿಗೆಯೊಳಗಿನ ಸುತ್ತುಗಳಿಗೂ ಇದೇ ಉಪಚಾರ. ಎರಡನ್ನೂ ಒರಸಿ ಒಣಗಿಸಿ, ಸುತ್ತುಗಳಿಗೆ ತೆಳ್ಳಗೆ ಗ್ರೀಸು ಸವರಬೇಕು. ಹೆಚ್ಚಾದರೆ ಅದೇ ಕೊಳೆಯನ್ನು ಕರೆಯುತ್ತದೆ. ಮತ್ತೆ ಹಾಕುವಾಗ ಮೊದಲು ಎದುರು ದಿಕ್ಕಿಗೆ ಮೆಲ್ಲನೆ ತಿರುಗಿಸಿದರೆ ಸುತ್ತಿನ ಮೊದಲು ಸಿಕ್ಕುತ್ತದೆ. ಆಮೇಲೆ ಬೆರಳಿನಿಂದಲೇ ಒಳಗಿಳಿಸಿ, ಕೊನೆಗೆ ಕೀಲಿಯಿಂದ ಹಿತವಾಗಿ ಬಿಗಿಯಬೇಕು.

ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ಸಡಿಲವಾಗಿ ಕುಳಿತ ಚೋಕಿನ ಹಿಂಬದಿಯ ಅಂಚಿಗೂ ನಳಿಗೆಗೂ ನಡುವೆ ಸಂದು ಬಿದ್ದರೆ ಮದ್ದಿನ ಗಾಳಿಯೂ ಚರೆಯೂ ಅಲ್ಲಿ ನುಗ್ಗುತ್ತವೆ. ನಳಿಗೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ಹತ್ತು ನಿಮಿಷದ ಉದಾಸೀನಕ್ಕೆ ಬೆಲೆ ಕೈಯೋ ಕಣ್ಣೋ ಆಗಬಹುದು. ಚೋಕನ್ನೇ ಹಾಕದೆ ಹೊಡೆದರೆ ಬರಿಮೈಯಲ್ಲಿರುವ ಸುತ್ತುಗಳು ಹಾಳಾಗುತ್ತವೆ.

ಆಯುಧವನ್ನು ಶುಚಿಗೊಳಿಸುವ ಕೆಲಸಕ್ಕೆ ಹಬ್ಬದ ಗೌರವ ಕೊಟ್ಟ ನಾಡು ನಮ್ಮಲ್ಲಿಯೇ ಇದೆ. ಮಾರ್ಕ್ ಕಬ್ಬನ್ನನ ೧೮೬೧ರ ಪ್ರಕಟಣೆಯಿಂದ ಕೊಡವರಿಗೆ ಆಯುಧ ಕಾಯಿದೆಯ ವಿನಾಯಿತಿ ದೊರೆಯಿತೆಂಬುದು ಎಲ್ಲರೂ ಬಲ್ಲ ಇತಿಹಾಸ. ಆದರೆ ಸೆಪ್ಟೆಂಬರಿನ ಮೊದಲಲ್ಲಿ, ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನು ತೆಗೆದು ಶುಚಿಮಾಡಿ, ನಳಿಗೆಯ ಬಾಯಿಗೆ ತೋಕ್ ಪೂವನ್ನಿಟ್ಟು ಪೂಜಿಸುವುದು ಅದಕ್ಕಿಂತ ದೊಡ್ಡ ಇತಿಹಾಸವೆಂದು ನನಗೆ ತೋರುತ್ತದೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಗುರಿಯಿಡುವ ಮುನ್ನ ಹೂವನ್ನು ತೆಗೆದು ಬಾಯಿ ಬರಿದಾಗಿದೆಯೆಂದು ನೋಡಲೇಬೇಕು. ಭಕ್ತಿಯ ಹೂವಾದರೂ ನಳಿಗೆಗೆ ಅಡ್ಡಿ ಅಡ್ಡಿಯೇ.

ಪೇಪ್, ಕಿಂಬಲ್, ಗ್ರೀನರ್ ಇವರಲ್ಲಿ ಮೊದಲಿಗನಾರೆಂಬ ವಾದ ಬೇಕಾದರೆ ಮುಂದುವರಿಯಲಿ. ನೂರು ವರ್ಷದ ಹಳೆಯ ಕೋವಿಯೊಂದು ಇಂದಿಗೂ ಮಾಲೀಕನ ಕೈಯಲ್ಲಿ ಕ್ಷೇಮವಾಗಿದ್ದರೆ, ಅದರ ಹಿಂದೆ ಹೆಸರಿಲ್ಲದ ಎಷ್ಟೋ ಕೈಗಳು, ಎಷ್ಟೋ ಚಿಂದಿಬಟ್ಟೆಗಳು, ಎಷ್ಟೋ ಸಂಜೆಗಳು ಇವೆ. ಅವರಿಗೆ ಪೇಟೆಂಟಿಲ್ಲ; ಉಳಿದುಬಂದ ಆ ನಳಿಗೆಯೇ ಅವರ ಶಾಸನ.